ನಮ್ಮ ಮನೆಯವರ ಕ್ಯಾಮೆರಾ: ಕೆಲಸ ಎಲ್ಲಿಗೆ ಬಂತು

ಮನೆಯವರಿಗೆ ಕ್ಯಾಮೆರಾ ಹುಡುಕುವ ಕೆಲಸ ಕೊನೆಗೂ ಒಂದು ಹಂತಕ್ಕೆ ಬಂದಿದೆ. ಅವರ ಬೇಡಿಕೆ ಮೊದಲಿನಿಂದಲೂ ಒಂದೇ. "ಒತ್ತಿದ್ರೆ ಫೋಟೊ ಬರ್ಬೇಕು ಕಣೇ, ಅಷ್ಟೇ." ನನ್ನ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಟ್ಟರೆ ಮುಟ್ಟುವುದಿಲ್ಲ. ಫೋನಿನಲ್ಲಿ ತೆಗೆದರೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಆಚೆ ಮರದ ಮೇಲೆ ಕೂತ ಹೆಜ್ಜಾರ್ಲೆ (ಪೆಲಿಕನ್) ಬರೀ ಬಿಳಿ ಚುಕ್ಕೆ. ದಿನಾ ಬೆಳಿಗ್ಗೆ ಅಲ್ಲಿ ವಾಕಿಂಗ್ ಹೋಗುವವರಿಗೆ ಆ ಹಕ್ಕಿ ಸ್ವಲ್ಪ ಹತ್ತಿರ ಬರಬೇಕು, ಬೇರೇನೂ ಬೇಡ.

ಬಟನ್ ಕಡಿಮೆ ಇದ್ದರೆ ಸರಳ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜೇಬಿನಿಂದ ತೆಗೆದು ಹಕ್ಕಿ ಹಾರುವಷ್ಟರಲ್ಲಿ ಕ್ಲಿಕ್ ಮಾಡೋಕಾಗುತ್ತಾ, ಅದನ್ನು ನೋಡಬೇಕು. ಬಟನ್ ಎಷ್ಟಾದರೂ ಇರಲಿ, ಅವನ್ನು ಮುಟ್ಟುವ ಪ್ರಸಂಗ ಬರದಿದ್ದರೆ ಸಾಕು.

ಈ ಲೆಕ್ಕದಲ್ಲಿ ಒಂದೊಂದೇ ಬಿಟ್ಟುಹೋದವು. ನಿಕಾನ್ ಪಿ950ರಲ್ಲಿ 83 ಪಟ್ಟು ಜೂಮ್ ಇದೆ, ಡಯಲ್‌ನಲ್ಲೇ ಹಕ್ಕಿಗಳಿಗೆ ಅಂತ ಒಂದು ಮೋಡ್ ಇದೆ, ಆದರೆ ತೂಕ ಒಂದು ಕಿಲೋ. ವಾರದೊಳಗೆ ಬೀರು ಸೇರುತ್ತದೆ. ಸೋನಿ ಆರ್‌ಎಕ್ಸ್100ರ ಏಳನೇ ಮಾದರಿ ನನಗೆ ತುಂಬಾ ಇಷ್ಟ. ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ 13.2 × 8.8 ಮಿ.ಮೀ., ಜೇಬಿಗೆ ಹಿಡಿಸುವ ಉದ್ದ ಜೂಮ್‌ನ ಕ್ಯಾಮೆರಾಗಳದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಆದರೆ ಜೂಮ್ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ (ಸಂಖ್ಯೆ ದೊಡ್ಡದಾದಷ್ಟೂ ಹಕ್ಕಿ ಹತ್ತಿರ) 200 ಮಿ.ಮೀ.ಗೆ ನಿಲ್ಲುತ್ತದೆ, ಕೆರೆಗೆ ಸಾಲದು. ಕ್ಯಾನನ್ ಎಸ್‌ಎಕ್ಸ್740 ಅದೇ ಲೆಕ್ಕದಲ್ಲಿ 960ರವರೆಗೆ ಹೋಗುತ್ತದೆ, ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಮಾತ್ರ ಇಲ್ಲ. ಬಿಸಿಲಿಗೆ ಪರದೆ ಕಾಣಿಸದೆ, ತೋಳು ಚಾಚಿ ಹಿಡಿದುಕೊಂಡು ಅಷ್ಟು ಜೂಮ್ ಮಾಡಿದರೆ ಹಕ್ಕಿ ಫ್ರೇಮಿನಲ್ಲಿ ನಿಲ್ಲುವುದೇ ಇಲ್ಲ. ವ್ಯೂಫೈಂಡರ್ ಇದ್ದು ಹುಬ್ಬಿಗೆ ಒತ್ತಿ ಹಿಡಿದರೆ ಕೈ ನಡುಗುವುದು ಎಷ್ಟೋ ಕಡಿಮೆ.

ಕೊನೆಗೆ ನಿಂತಿದ್ದು ಸೋನಿ ಎಚ್‌ಎಕ್ಸ್99. 2018ರ ಮಾದರಿ, 720ರವರೆಗೆ ಜೂಮ್, ತೂಕ ಸುಮಾರು 240 ಗ್ರಾಂ, ಪಕ್ಕದ ಸ್ವಿಚ್ ತಳ್ಳಿದರೆ ವ್ಯೂಫೈಂಡರ್ ಮೇಲೇಳುತ್ತದೆ. ಪರಿಚಯದವರು ಬಳಸಿದ್ದನ್ನೇ ತೆಗೆದುಕೊಂಡೆ. ಇಂಥ ಕ್ಯಾಮೆರಾ ಹಳೆಯದು ಕೊಳ್ಳುವವರು ಒಂದು ಕೆಲಸ ಮಾಡಲೇಬೇಕು. ಪೂರ್ತಿ ಜೂಮ್ ಮಾಡಿ ಬಿಳಿ ಗೋಡೆಯದೊಂದು ಫೋಟೊ ತೆಗೆಯಿರಿ. ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಧೂಳು ಎಳೆದುಕೊಳ್ಳುತ್ತದೆ, ಸೆನ್ಸರ್ ಮೇಲೆ ಕೂತರೆ ಮಸುಕು ಮಸುಕಾದ ಬೂದು ಚುಕ್ಕೆ ಬೀಳುತ್ತವೆ, ಮನೆಯಲ್ಲಿ ಬಿಚ್ಚಿ ಒರೆಸುವ ಹಾಗೂ ಇಲ್ಲ. ಲೆನ್ಸ್ ಚಲಿಸುವಾಗ ಮರಳು ಕರಕರ ಅಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ನಮ್ಮದು ಎರಡರಲ್ಲೂ ಪಾಸಾಯಿತು.

ಕೈಗೆ ಕೊಡುವ ಮುಂಚೆ ಒಂದು ಸಂಜೆ ಕೂತು ಸೆಟ್ಟಿಂಗ್ ಎಲ್ಲಾ ಮುಗಿಸಿದೆ. ಡಯಲ್ ಆಟೊ. ಬೀಪ್ ಶಬ್ದ ಬಂದ್, ಹಕ್ಕಿ ಬೆದರಬಾರದಲ್ವಾ. ಜೂಮ್ ಆಪ್ಟಿಕಲ್ ಮಾತ್ರ, ಅಂದರೆ ಲೆನ್ಸ್ ತಾನೇ ಮಾಡುವಷ್ಟು. ಪರದೆಯ ಟಚ್ ಕೂಡ ಬಂದ್, ಯಾಕೆಂದರೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟಾಗ ಮೂಗು ತಗುಲಿ ಫೋಕಸ್ ಎಲ್ಲೆಲ್ಲೋ ಹೋಗುತ್ತದೆ. ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲ್ ಸೌಲಭ್ಯ ಇದ್ದರೂ ಮಾಮೂಲಿ ಜೆಪೆಗ್ ಸಾಕು, ಅವರು ಕಂಪ್ಯೂಟರ್ ಮುಂದೆ ಕೂತು ತಿದ್ದುವವರಲ್ಲ. ಆನ್ ಬಟನ್, ಜೂಮ್ ಲಿವರ್, ಶಟರ್, ಇಷ್ಟನ್ನು ಮಾತ್ರ ತೋರಿಸಿಕೊಟ್ಟೆ.

ಮೊದಲ ಫೋಟೊಗಳು ಬಂದಿವೆ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ತೆಗೆದ ಹೆಜ್ಜಾರ್ಲೆಯ ಮೇಲಿನ ಕೊಕ್ಕಿನ ಅಂಚಿನಲ್ಲಿರುವ ಚುಕ್ಕೆಗಳನ್ನು ಎಣಿಸಬಹುದು, ನನಗೇ ತುಂಬಾ ಖುಷಿಯಾಯಿತು. ಸೂರ್ಯ ಹುಟ್ಟುವ ಮುಂಚಿನವು ಅಷ್ಟಕ್ಕಷ್ಟೇ. ಪೂರ್ತಿ ಜೂಮ್‌ನಲ್ಲಿ ಅಪರ್ಚರ್ ಎಫ್6.4, ಅಂದರೆ ಬೆಳಕು ಬರುವ ಕಿಂಡಿ ಚಿಕ್ಕದು, ಸೆನ್ಸರ್ ಪುಟ್ಟದು, ಐಎಸ್‌ಒ (ಮಂದ ಬೆಳಕನ್ನು ಹೆಚ್ಚಿಸಿ ತೋರಿಸುವ ಮಟ್ಟ) ಏರಿ ಗರಿಗಳೆಲ್ಲ ಬಣ್ಣ ಬಳಿದ ಹಾಗೆ ಕಾಣುತ್ತವೆ. ಅವರಿಗೆ ಅದರ ಚಿಂತೆ ಇಲ್ಲ. ಮೊನ್ನೆ ಮಿಂಚುಳ್ಳಿಯದೊಂದು ಫೋಟೊ ಸಿಕ್ಕಿದಾಗಿನಿಂದ ಕ್ಯಾಮೆರಾ ಬಿಟ್ಟು ಮನೆಯಿಂದ ಹೊರಡುತ್ತಿಲ್ಲ.

ಇನ್ನೊಂದು ಬ್ಯಾಟರಿ ತರಬೇಕು. ಚಾರ್ಜಿಂಗ್ ಮೈಕ್ರೊ ಯುಎಸ್‌ಬಿ ಆದ್ದರಿಂದ ಮನೆಯ ಸಿ ಟೈಪ್ ಕೇಬಲ್‌ಗಳು ಹಿಡಿಸಲ್ಲ, ಹಳೆಯ ಕೇಬಲ್ ಒಂದನ್ನು ಅವರ ಮೇಜಿನ ಪಕ್ಕದ ಪ್ಲಗ್ಗಿಗೆ ಖಾಯಂ ಹಾಕಿಟ್ಟಿದ್ದೇನೆ. ಫೋಟೊ ಫೋನಿಗೆ ಕಳಿಸುವುದನ್ನು ಮಾತ್ರ ಸದ್ಯಕ್ಕೆ ನಾನೇ ಮಾಡುತ್ತಿದ್ದೇನೆ, ಅದಕ್ಕೊಂದು ಕಾರ್ಡ್ ರೀಡರ್ ನೋಡಬೇಕು.