ಒಂದು ಗೋಡೆ, ಒಂದು ಲೋಡು

ಇವತ್ತು ಮಡಿಕೇರಿಯ ಇಳಿಜಾರಿನಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೈಲರ್ ತುಂಬ ಕೆಡವಿದ ಹಳೇ ಮನೆಯ ಗೋಡೆಯ ಚೂರು. ಟಾರ್ಪಲ್ ಇಲ್ಲ, ಮೇಲಿಂದ ಮಳೆ.

ಇಟ್ಟಿಗೆ ತನ್ನ ತೂಕದ ಶೇ 15ರಷ್ಟು ನೀರು ಕುಡಿದುಬಿಡಬಲ್ಲದು. ಒಣಗಿದ್ದಾಗ 4 ಟನ್ ಇದ್ದದ್ದು ನಾಲ್ಕೂವರೆ ದಾಟುತ್ತೆ. ಬಾಡಿಗೆ ಮಾತಾಡೋದು ಲೋಡಿನ ಲೆಕ್ಕದಲ್ಲಿ, ಇಳಿಜಾರಲ್ಲಿ ಬ್ರೇಕ್ ಹಿಡಿಯಬೇಕಾದ್ದು ತೂಕವನ್ನ.

ಲೆಕ್ಕ ಕಷ್ಟ ಇಲ್ಲ. 10 ಅಡಿ ಉದ್ದ, 10 ಅಡಿ ಎತ್ತರ, 9 ಇಂಚಿನ ಗೋಡೆ ಅಂದ್ರೆ 75 ಘನ ಅಡಿ. ಒಡೆದ ಮೇಲೆ ಸಂದು ಬಿದ್ದು ಉಬ್ಬುತ್ತೆ, ಹತ್ತಿರ ಹತ್ತಿರ 100 ಘನ ಅಡಿ. ಅಂದ್ರೆ, ಲೋಡು ಅಳೆಯೋರ ಮಾತಲ್ಲಿ, ಒಂದು ಬ್ರಾಸ್. ಒಂದು ಗೋಡೆಗೇ ಇಷ್ಟು! ಗಾಡಿ ಹೇಳೋ ಮೊದಲು ಟ್ರೈಲರ್ ಒಳಗಿನ ಅಳತೆ ಟೇಪ್ ಹಿಡಿದು ನೋಡಿ.

ಮಣ್ಣು, ಇಟ್ಟಿಗೆ ಚೂರು, ಮರ, ಕಬ್ಬಿಣ ಬೇರೆ ಬೇರೆ ರಾಶಿ ಇರಲಿ. ಬೆರೆಸಿದ ಲೋಡನ್ನ ಅಡಿಪಾಯದ ತುಂಬುವಿಕೆಗೆ ಯಾರೂ ಇಳಿಸಿಕೊಳ್ಳಲ್ಲ. ಹಳೇ ಸಿಮೆಂಟ್ ಶೀಟಲ್ಲಿ ಆಸ್ಬೆಸ್ಟಾಸ್ (ಉಸಿರಲ್ಲಿ ಹೋದ್ರೆ ಶ್ವಾಸಕೋಶ ಕೆಡಿಸೋ ನಾರು) ಇರಬಹುದು, ಒಡೀಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಿ.

ಮತ್ತೆ, ದಯವಿಟ್ಟು ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿಗೆ, ತೋಡಿಗೆ (ನೀರು ಹರಿಯೋ ಸಣ್ಣ ಹಳ್ಳಕ್ಕೆ) ಸುರಿಸಬೇಡಿ. ಸಡಿಲ ರಾಶಿ ನೀರು ಹಿಡಿದು ಬರೆಯ ತಲೆ ಮೇಲೆ ಭಾರ ಹಾಕುತ್ತೆ, ತೋಡು ಕಟ್ಟಿದ್ರೆ ನೀರು ಪಕ್ಕದ ಮಣ್ಣು ಕೊರೆಯುತ್ತೆ. 2018ರ ಆಗಸ್ಟಿನ ಭೂಕುಸಿತ ನೋಡಿದ ಊರು ಇದು. ಎಲ್ಲಿ ಸುರೀತಾರೆ ಅಂತ ಡ್ರೈವರಣ್ಣನ ಹತ್ರ ಮೊದಲೇ ಕೇಳಿ.

ಆ ಲೋಡಿನ ನಡುವೆ ಏಳೆಂಟು ಮಂಗಳೂರು ಹಂಚು ಇಡಿಯಾಗೇ ಇದ್ದವು. ಮೊದಲೇ ಇಳಿಸಿ ಅಂಚಿನ ಮೇಲೆ ನಿಲ್ಲಿಸಿಟ್ಟಿದ್ರೆ ಕೊಟ್ಟಿಗೆಗಾದ್ರೂ ಆಗ್ತಿದ್ದವು.