ಚೆನ್ನಾಗಿ ಸಾಯಿಸುವ ಗೇಮುಗಳು

"ಅಲ್ಲ ರೀ, ಆಗಿನಿಂದ ಅದೇ ಜಾಗದಲ್ಲಿ ಸಾಯ್ತಾನೇ ಇದೀರಲ್ಲ, ಬೇಜಾರಾಗಲ್ವಾ?" ಅಂತ ಹೆಂಡತಿ ಕೇಳಿದಾಗ ನಾನು ಆಡುತ್ತಿದ್ದದ್ದು ಜಿಗಿಯುತ್ತಾ ಸಾಗುವ ಸೆಲೆಸ್ಟ್ ಅನ್ನುವ ಗೇಮು. ಒಂದೇ ಕೋಣೆ, ನಲವತ್ತೊಂದನೇ ಸಾವು. ನಿಜವಾಗಿಯೂ ಬೇಜಾರಾಗಿರಲಿಲ್ಲ. ಅದೇ ವಾರ ಫೋನಿನಲ್ಲಿ ಬಣ್ಣದ ಗೋಲಿ ಜೋಡಿಸುವ ಆಟವೊಂದರಲ್ಲಿ ಎರಡೇ ಎರಡು ಸಲ ಸೋತು, ಮೈಯೆಲ್ಲ ಉರಿದು, ಅದನ್ನು ಅಳಿಸಿ ಹಾಕಿದ್ದೆ. ನಲವತ್ತೊಂದಕ್ಕೆ ಬರದ ಸಿಟ್ಟು ಎರಡಕ್ಕೆ ಯಾಕೆ ಬಂತು? ಯೋಚಿಸುತ್ತಾ ಹೋದರೆ, ಇಷ್ಟು ವರ್ಷ ಆಡಿದ್ದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುತ್ತಾ ಬಂದಿದ್ದೇನೆ ಅನ್ನಿಸಿತು. ಸೋಲಿಸಿದ ಮೇಲೆ ಈ ಗೇಮು ನನ್ನನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದೊಂದೇ. ಗ್ರಾಫಿಕ್ಸು, ಕಥೆ, ಸಂಗೀತ ಎಲ್ಲ ಆಮೇಲೆ.

ಮೊಟ್ಟಮೊದಲು ಸತ್ತದ್ದು ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ. ಜೋರ್ಡನ್ ಮೆಕ್ನರ್ ಮಾಡಿದ ಆಟ ಅದು, ಬಂದದ್ದು 1989ರಲ್ಲಿ. ನಾನೂ ಅಣ್ಣನೂ ಆಡಿದ್ದು ಎಷ್ಟೋ ವರ್ಷದ ಮೇಲೆ, ಹಳೆಯ ಡಾಸ್ ಕಂಪ್ಯೂಟರಿನಲ್ಲಿ. ಕೀಬೋರ್ಡು ಒಂದೇ. ಬಾಣದ ಕೀಗಳು ಅವನ ಪಾಲು, ಶಿಫ್ಟ್ ನನ್ನ ಪಾಲು. ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದನ್ನು ನೋಡಿಕೊಂಡು ಆ ರಾಜಕುಮಾರನ ಒಂದೊಂದು ಚಲನೆಯನ್ನೂ ಬರೆದನಂತೆ. ಹಾಗಾಗಿ ಆ ಪುಟ್ಟ ಮೈಗೆ ತೂಕವಿತ್ತು. ಓಡುತ್ತಿದ್ದವನು ಗಕ್ಕನೆ ನಿಲ್ಲುವುದಿಲ್ಲ, ಒಂದಿಷ್ಟು ಜಾರಿಯೇ ನಿಲ್ಲುತ್ತಾನೆ. ಆ ಜಾರುವ ಜಾಗದಲ್ಲೇ ನೆಲದಿಂದ ಸರಕ್ಕನೆ ಮುಳ್ಳು ಏಳುತ್ತವೆ. ಶಿಫ್ಟ್ ಒತ್ತಿ ಒಂದೊಂದೇ ಹೆಜ್ಜೆ ಇಟ್ಟರೆ ಅದೇ ಮುಳ್ಳುಗಳ ನಡುವೆ ಕೂದಲೂ ಕೊಂಕದೆ ದಾಟಬಹುದು. ಇಬ್ಬರು ಆಡಿದರೆ ಕಷ್ಟ ಇರುವುದೇ ಅಲ್ಲಿ. ಅವನು ಓಡಿ ಹಾರಲು ಹೊರಟಾಗ ನನ್ನ ಬೆರಳು ಶಿಫ್ಟಿನ ಮೇಲೆ. "ಬಿಡೋ, ಬಿಡೋ" ಅನ್ನುವಷ್ಟರಲ್ಲಿ ರಾಜಕುಮಾರ ಹಳ್ಳದ ತಳದಲ್ಲಿ.

ಇಡೀ ಆಟಕ್ಕೆ ಇರುವುದು 60 ನಿಮಿಷ. ಸತ್ತರೆ ಲೆವೆಲ್ ಮೊದಲಿನಿಂದ ಶುರು, ಗಡಿಯಾರ ಮಾತ್ರ ಹಿಂದೆ ಹೋಗುವುದಿಲ್ಲ. ಈಗ ನೋಡಿದರೆ ನಿರ್ದಯ ಅನ್ನಿಸುತ್ತದೆ, ಆದರೆ ಮೋಸವಿಲ್ಲ. ಹನ್ನೆರಡನೇ ಲೆವೆಲ್ಲಿನಲ್ಲಿ ರಾಜಕುಮಾರನದೇ ನೆರಳು ಕತ್ತಿ ಹಿಡಿದು ಅಡ್ಡ ನಿಲ್ಲುತ್ತದೆ. ಹಿಂದೆ ಕನ್ನಡಿಯೊಳಗಿಂದ ಹಾರಿದಾಗ ಬೇರೆಯಾದ ನೆರಳು. ಅದಕ್ಕೆ ಹೊಡೆದ ಏಟು ನಮಗೇ ಬೀಳುತ್ತದೆ. ಕೊಂದರೆ ನಾವೂ ಸತ್ತೆವು. ಎಷ್ಟು ಸಲ ಸತ್ತೆವೋ ಲೆಕ್ಕವಿಲ್ಲ. ಕೊನೆಗೊಂದು ಸಂಜೆ ಅಣ್ಣ ರೋಸಿಹೋಗಿ ಕೆಳಬಾಣ ಕುಟ್ಟಿದ. ಕತ್ತಿ ಒರೆಗೆ ಹೋಯಿತು. ನೆರಳೂ ತನ್ನ ಕತ್ತಿ ಇಳಿಸಿತು. ಮುಂದೆ ನಡೆದರೆ ಎರಡೂ ಸೇರಿ ಒಂದಾದವು. ಇಬ್ಬರೂ ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಹಾಗೆ ಕೂತದ್ದರಲ್ಲಿ ಅರ್ಧ ನಿಮಿಷ ಹೋಯಿತು ಅಂತ ಆಮೇಲೆ ಜಗಳ.

ಡಾರ್ಕ್ ಸೋಲ್ಸ್ (2011) ಬಗ್ಗೆ ಮಾತಾಡುವವರೆಲ್ಲ "ಸಿಕ್ಕಾಪಟ್ಟೆ ಕಷ್ಟ" ಅಂತಲೇ ಶುರು ಮಾಡುತ್ತಾರೆ. ನನಗೆ ಅದು ದುರಾಸೆಯ ಗೇಮು. ಶತ್ರುವಿಗೆ ಏಟು ಹಾಕಲು ಸಂದು ಸಿಗುತ್ತದೆ, ಹಾಕುತ್ತೀರಿ, ಸರಿ. ಇನ್ನೊಂದು ಹಾಕೋಣ ಅನ್ನುತ್ತದೆ ಮನಸ್ಸು. ಆ ಇನ್ನೊಂದರಲ್ಲೇ ಪ್ರಾಣ ಹೋಗುತ್ತದೆ. ಆರ್ನ್‌ಸ್ಟೀನ್ ಮತ್ತು ಸ್ಮೌ ಅನ್ನುವ ಜೋಡಿಯ ಹತ್ತಿರ ನಾನು ಎರಡು ವಾರ ಒದ್ದಾಡಿದೆ. ಒಬ್ಬನನ್ನು ಕೊಂದರೆ ಉಳಿದವನು ಅವನ ಬಲ ಹೀರಿಕೊಂಡು, ಪೂರ್ತಿ ಆರೋಗ್ಯದೊಂದಿಗೆ ಮತ್ತೆ ಎದ್ದು ನಿಲ್ಲುತ್ತಾನೆ. ಮೊದಲ ಸಲ ಅದನ್ನು ನೋಡಿದಾಗ ಕಂಟ್ರೋಲರ್ ಕೆಳಗಿಟ್ಟು ನೀರು ಕುಡಿಯಲು ಹೋದೆ. ಈ ಗೇಮನ್ನು ನಡುವೆ ತಡೆದು ನಿಲ್ಲಿಸಲು ಬರುವುದಿಲ್ಲ, ವಾಪಸ್ ಬರುವಷ್ಟರಲ್ಲಿ ಸತ್ತಿದ್ದೆ. ದಾರಿ ಸಿಕ್ಕಿದ್ದು ಕವಚ ಕಳಚಿದಾಗ. ಹೊತ್ತ ಭಾರ ಮಿತಿಯ ಕಾಲು ಭಾಗದೊಳಗಿದ್ದರೆ ಏಟು ತಪ್ಪಿಸಿಕೊಳ್ಳಲು ಉರುಳುವುದು ಚುರುಕಾಗುತ್ತದೆ. ಹಾಗಾಗಿ ಚೀಲದಲ್ಲಿ ಭಾರಿ ಕಬ್ಬಿಣದ ಅಂಗಿಗಳಿದ್ದರೂ ಹೆಚ್ಚುಕಮ್ಮಿ ಬರಿಮೈಯಲ್ಲಿ ಹೋಗಿ, ಕಂಬಗಳ ಮರೆಯಲ್ಲಿ ಸುತ್ತಿ ಸುತ್ತಿ ಗೆದ್ದೆ. ನೋಡಲು ಚೆಂದವಿರಲಿಲ್ಲ.

ಅದೇ ಗೇಮಿನ ಬೆಡ್ ಆಫ್ ಕೇಯಾಸ್ ಅನ್ನುವ ಬಾಸ್ (ದೊಡ್ಡ ಶತ್ರು) ಮಾತ್ರ ಶುದ್ಧ ಕಿರಿಕಿರಿ. ಅಲ್ಲಿ ದುರಾಸೆಯೂ ಇಲ್ಲ, ತಪ್ಪೂ ಇಲ್ಲ. ನಿಂತ ನೆಲ ಕುಸಿಯುತ್ತದೆ, ಬೀಳುತ್ತೀರಿ, ಮತ್ತೆ ಅಷ್ಟು ದೂರ ಓಡಿಕೊಂಡು ಬರಬೇಕು. ನಾನು ಈ ಗೇಮಿನ ಎಷ್ಟೇ ದೊಡ್ಡ ಭಕ್ತನಾದರೂ ಅದನ್ನು ಸಮರ್ಥಿಸಲಾರೆ.

ಸೆಲೆಸ್ಟ್ (2018) ಇದಕ್ಕೆ ಪೂರ್ತಿ ತಿರುಗುಮುರುಗು. ಸತ್ತ ಕ್ಷಣದಲ್ಲೇ ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ನಿಂತಿರುತ್ತೀರಿ. ಬೈಯಲೂ ಪುರಸೊತ್ತಿಲ್ಲ. ಅದು ಕದ್ದುಮುಚ್ಚಿ ನಮ್ಮ ಪರ ವಹಿಸುತ್ತದೆ ಅನ್ನುವುದು ತಿಳಿದದ್ದು ತಡವಾಗಿ. ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿತದ ಬಟನ್ ಕೆಲಸ ಮಾಡುತ್ತದೆ. ನನ್ನ ಬೆರಳು ಚುರುಕು ಅಂತ ಬೀಗುತ್ತಿದ್ದವನಿಗೆ ಇದು ತಿಳಿದಾಗ ಸ್ವಲ್ಪ ಇಳಿದಂತಾಯಿತು. ಬೇಕಾದವರಿಗೆ ಅಸಿಸ್ಟ್ ಮೋಡ್ ಕೂಡ ಇದೆ: ಆಟದ ವೇಗ ತಗ್ಗಿಸಬಹುದು, ಸಾಯದಂತೆಯೂ ಮಾಡಿಕೊಳ್ಳಬಹುದು. ಅದನ್ನು ಬಳಸುವವರನ್ನು ಆಡಿಕೊಳ್ಳುವವರು ಕಂಡರೆ ನನಗಾಗದು. ಏಳನೇ ಅಧ್ಯಾಯದಲ್ಲಿ ಕೈ ನೋವು ಬಂದಾಗ ನಾನೂ ಬಳಸಿದ್ದೇನೆ.

ಟೆಟ್ರಿಸ್ ಬಗ್ಗೆ ಹೆಚ್ಚೇನಿಲ್ಲ. ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಮಾಡಿದ, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಈ ಆಟದಲ್ಲಿ ಶತ್ರು ಅನ್ನುವವನೇ ಇಲ್ಲ, ಹತ್ತು ನಿಮಿಷದ ಹಿಂದೆ ನಾನೇ ಬಿಟ್ಟ ತೂತು ಈಗ ನನ್ನನ್ನು ಮುಗಿಸುತ್ತದೆ. ಉದ್ದ ಕಡ್ಡಿ ಬರಲೇ ಇಲ್ಲ ಅಂತ ದೂರುವ ಹಾಗೂ ಇಲ್ಲ. ಈಗಿನ ಹೆಚ್ಚಿನ ಆವೃತ್ತಿಗಳಲ್ಲಿ ಏಳು ಆಕಾರಗಳನ್ನೂ ಒಂದು ಚೀಲದಲ್ಲಿ ಕಲಸಿದಂತೆ ಸರದಿಯಲ್ಲಿ ಕೊಡುತ್ತಾರೆ. ಎರಡು ಕಡ್ಡಿಗಳ ನಡುವೆ ಹೆಚ್ಚೆಂದರೆ ಹನ್ನೆರಡು ತುಂಡು.

ಬೇಸಾಯದ ಗೇಮು ಸ್ಟಾರ್ಡ್ಯೂ ವ್ಯಾಲಿ ಎಲ್ಲರಿಗೂ ಇಷ್ಟ, ನನಗೆ ಹಿಡಿಸಲಿಲ್ಲ. ಆಟದೊಳಗಿನ ಎರಡನೇ ವರ್ಷದ ಹೊತ್ತಿಗೆ ಬೆಳೆ, ದಿನ, ಲಾಭ ಅಂತ ಪಟ್ಟಿ ಬರೆಯಲು ಕೂತಿದ್ದೆ. ಹಗಲೆಲ್ಲ ಅದೇ ಕೆಲಸ ಮಾಡಿ ಬಂದವನಿಗೆ ರಾತ್ರಿಯೂ ಅದೇ ಯಾಕೆ?

ರಿಟರ್ನ್ ಆಫ್ ದಿ ಒಬ್ರಾ ಡಿನ್ನಿನಲ್ಲಿ (2018) ನಾವು ಸಾಯುವುದೇ ಇಲ್ಲ. ಸತ್ತವರ ಲೆಕ್ಕ ಬರೆಯಬೇಕು. ಲ್ಯೂಕಾಸ್ ಪೋಪ್ ಮಾಡಿದ ಈ ಗೇಮಿನಲ್ಲಿ 1807ರಲ್ಲಿ ಖಾಲಿ ಹಡಗೊಂದು ಬಂದರಿಗೆ ಮರಳುತ್ತದೆ. ಅದರಲ್ಲಿದ್ದ ಅರವತ್ತು ಜನರ ಹೆಸರು, ಗತಿ ಕಂಡುಹಿಡಿಯುವುದು ನಮ್ಮ ಕೆಲಸ. ಮೂರು ಜನರದ್ದು ಸರಿಯಾದಾಗ ಮಾತ್ರ "ಹೌದು" ಅನ್ನುತ್ತದೆ, ಒಬ್ಬೊಬ್ಬರನ್ನೇ ಊಹಿಸಿ ನುಸುಳಲು ಆಗಬಾರದು ಅಂತ. ನಾನು ನುಸುಳಿದೆ. ಎರಡು ಖಚಿತ ಮಾಡಿಕೊಂಡು ಮೂರನೆಯದಕ್ಕೆ ಒಂದೊಂದೇ ಹೆಸರು ಹಾಕುತ್ತಾ ಹೋದೆ. ಹೆಂಡತಿ ಪಕ್ಕದಲ್ಲೇ ಇದ್ದಳು. "ಏನ್ರೀ ಇದು, ಕಳ್ಳಾಟ?" ಅಂದಳು. ಅಲ್ಲಿಂದ ಅವಳೂ ಸೇರಿಕೊಂಡಳು. ನಾವಿಕರು ತೂಗುಹಾಸಿಗೆಯಲ್ಲಿ ಮಲಗಿರುವ ದೃಶ್ಯವೊಂದಿದೆ, ಹಾಸಿಗೆಗಳ ಮೇಲೆ ಸಂಖ್ಯೆ ಇದೆ. ನಾನು ಮುಖಗಳನ್ನೇ ದಿಟ್ಟಿಸುತ್ತಿದ್ದೆ. ಅವಳು ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು, "ಇವನ ಕಾಲು ನೋಡಿ. ಈ ಶೂ ಹಾಕಿದವನನ್ನು ಆಗಲೇ ಎಲ್ಲೋ ನೋಡಿದ್ವಲ್ಲ?" ಅಂದಳು. ನೋಡಿದ್ದೆವು. ಕೆಲವೇ ನಿಮಿಷದಲ್ಲಿ ಮೂರು ಹೆಸರು ಒಟ್ಟಿಗೆ ಅಚ್ಚಾದವು.

ಈಗ ಔಟರ್ ವೈಲ್ಡ್ಸ್ ಶುರು ಮಾಡಿದ್ದೇವೆ. ಅದರಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿಗೆ ಬರುತ್ತದೆ, ಉಳಿಯುವುದು ನಾವು ತಿಳಿದುಕೊಂಡದ್ದಷ್ಟೇ. ಕಂಟ್ರೋಲರ್ ಅವಳ ಕೈಯಲ್ಲಿ. ಮೊದಲ ಹಾರಾಟದಲ್ಲಿ ಚಂದ್ರನ ಮೇಲೆ ನೌಕೆಯನ್ನು ಹೂವಿನಂತೆ ಇಳಿಸಿದಳು. ಆಮೇಲೆ ಸೂಟ್ ಹಾಕದೆ ಬಾಗಿಲು ತೆಗೆದಳು.