ಹನ್ನೆರಡಕ್ಕೆ ರಾಹುಕಾಲ, ಹನ್ನೊಂದು ಡೆಲಿವರಿ

2022ರ ಅಕ್ಟೋಬರ್ 5, ವಿಜಯದಶಮಿ. ಬುಧವಾರ ಬಿದ್ದಿತ್ತು, ಅಂದರೆ ಹನ್ನೆರಡಕ್ಕೆ ರಾಹುಕಾಲ. ನಮ್ಮ ಕಾರು ಶೋರೂಮಿನಲ್ಲಿ ಆ ದಿನ ಹನ್ನೊಂದು ಡೆಲಿವರಿ, ಹನ್ನೊಂದೂ ಹನ್ನೆರಡರೊಳಗೆ ಗೇಟು ದಾಟಬೇಕು. ಕಾರು ನಿಲ್ಲಿಸಿ ಕೀಲಿ ಕೊಡುವ ಜಾಗ, ಅಂದರೆ ಬೇ, ಇರುವುದು ಎರಡೇ. ಡೆಲಿವರಿ ಕೊಡೋಕೆ ನಾನು, ಮತ್ತೆ ಕೆಲಸಕ್ಕೆ ಸೇರಿ ತಿಂಗಳೂ ಆಗದ ಒಬ್ಬ ಹುಡುಗ. ಹಿಂದಿನ ರಾತ್ರಿ ಹತ್ತೂವರೆವರೆಗೆ ಪಿಡಿಐ, ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ಮುಗಿಸಿ, ಬೆಳಿಗ್ಗೆ ಆರಕ್ಕೆ ಮತ್ತೆ ಬಂದಿದ್ದೆ.

ದಾವಣಗೆರೆಯಲ್ಲಿ ಈ ಕೆಲಸ ಮಾಡೋಕೆ ಶುರುಮಾಡಿ ಒಂಬತ್ತು ವರ್ಷವಾಯಿತು. ಸಾವಿರಗಟ್ಟಲೆ ಕಾರಿನ ಕೀಲಿ ಈ ಕೈಯಿಂದ ಹೋಗಿದೆ. ಆ ದಿನದ ಒಂಬತ್ತನೇ ಕಾರು ಮಾತ್ರ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ.

ಕಾರು ತಗೊಂಡವರು ಹೊನ್ನಾಳಿ ಕಡೆಯ ನಿವೃತ್ತ ಮೇಷ್ಟ್ರು. ಇಪ್ಪತ್ತೆರಡು ವರ್ಷ ಒಂದೇ ಹಳೇ ಸಣ್ಣ ಕಾರನ್ನು ಕೈಯಾರೆ ತೊಳೆದು ಓಡಿಸಿದವರು. ಎಡಮಂಡಿ ನೋವು ಬಂದು ಕ್ಲಚ್ ಒತ್ತೋದು ಕಷ್ಟವಾದ ಮೇಲೆ ಮಗ ಒತ್ತಾಯ ಮಾಡಿ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್ ಗೇರಿನ ಕಾರು, ಬುಕ್ ಮಾಡಿಸಿದ್ದ. ಮಗ ಊರಲ್ಲಿರಲಿಲ್ಲ. ಮೇಷ್ಟ್ರು, ಅವರ ಮನೆಯವರು, ಐದು ವರ್ಷದ ಮೊಮ್ಮಗಳು, ಇಷ್ಟೇ ಜನ ಬಂದಿದ್ದರು.

ನನ್ನ ಕೈಲಿದ್ದದ್ದು ಹನ್ನೆರಡು ನಿಮಿಷ. ಅದನ್ನು ನಾನು ಖರ್ಚು ಮಾಡಿದ್ದು ಹೀಗೆ. ಮೇಷ್ಟ್ರ ಫೋನನ್ನು ಬ್ಲೂಟೂತಿಗೆ ಜೋಡಿಸಿದೆ, ಅದೊಂದಕ್ಕೇ ಐದು ನಿಮಿಷ. ಸ್ಕ್ರೀನಿನಲ್ಲಿ ಹಾಡು ಹಾಕಿ ತೋರಿಸಿದೆ. ರಿವರ್ಸ್ ಕ್ಯಾಮೆರಾ ತೋರಿಸಿದೆ. ಗ್ರಾಹಕರಿಗೆ ತೃಪ್ತಿಯಾಯಿತಾ ಅಂತ ವಿಚಾರಿಸಲು ಮೂರನೇ ದಿನ ಬರುವ ಸಿಎಸ್‌ಐ ಕಾಲ್‌ನಲ್ಲಿ ಕೇಳುವುದು ಇವನ್ನೇ, ನಮ್ಮ ಇನ್ಸೆಂಟಿವ್ ನಿಂತಿರುವುದೂ ಇವುಗಳ ಮೇಲೇ. ತಿಂಗಳ ಹಿಂದಷ್ಟೇ ಪಾಲ್ಘರ್ ಹತ್ತಿರ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದು ಅಪಘಾತದಲ್ಲಿ ತೀರಿಕೊಂಡಿದ್ದರಲ್ಲ, ಹಾಗಾಗಿ ಆ ಹಬ್ಬಕ್ಕೆ ಬಂದವರೆಲ್ಲ ಹಿಂದಿನ ಬೆಲ್ಟ್ ಬಗ್ಗೆ ಕೇಳುತ್ತಿದ್ದರು. ಮೇಷ್ಟ್ರೂ ಕೇಳಿದರು. ಅದನ್ನೂ ಎಳೆದು ತೋರಿಸಿದೆ. ಗೇರಿನ ಹತ್ತಿರ ಬಂದಾಗ ಅವರೇ, "ಇಪ್ಪತ್ತೆರಡು ವರ್ಷ ಓಡಿಸೀನಿ ಕಣಪ್ಪ, ಇದರಲ್ಲಿ ಕ್ಲಚ್ಚೇ ಇಲ್ಲ ಅಂದಮೇಲೆ ಇನ್ನೂ ಸಲೀಸಲ್ವಾ?" ಅಂದರು. ನಾನು "ಹೌದು ಸರ್" ಅಂದೆ.

ಇಡೀ ದಿನದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಆ "ಹೌದು ಸರ್". ಇಪ್ಪತ್ತೆರಡು ವರ್ಷದ ಅಭ್ಯಾಸ ಇರುವವರಿಗೇ ಆಟೊಮ್ಯಾಟಿಕ್ ಮೊದಲ ದಿನ ಹೆಚ್ಚು ಅಪಾಯ. ಗಾಬರಿಯಾದ ಕೂಡಲೇ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತದೆ. ಕ್ಲಚ್ಚನ್ನು ತಳಕ್ಕೆ ಮುಟ್ಟುವ ಹಾಗೆ ತುಳಿದು ರೂಢಿಯಾದ ಕಾಲು ಅದು, ಬ್ರೇಕನ್ನು ನಯವಾಗಿ ಒತ್ತೋದು ಅದಕ್ಕೆ ಗೊತ್ತಿಲ್ಲ. ಇದೆಲ್ಲ ನನಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಹೇಳಲಿಲ್ಲ. ಟ್ಯಾಬಿನಲ್ಲಿ ಚೆಕ್‌ಲಿಸ್ಟಿನ ಎಲ್ಲ ಸಾಲಿಗೂ ಟಿಕ್ ಹಾಕದಿದ್ದರೆ ಗೇಟ್ ಪಾಸ್ ಬರುವುದಿಲ್ಲ. ಸರಸರ ಟಿಕ್ ಹಾಕಿದೆ, ಮೇಷ್ಟ್ರು ಬೆರಳಲ್ಲಿ ಸಹಿ ಗೀಚಿದರು.

ಹೊತ್ತು 11.38. ಅರ್ಚಕರು ಮಂಗಳಾರತಿ ಮುಗಿಸಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಮೇಷ್ಟ್ರು ಸೀಟಿನಲ್ಲಿ ಕೂತರು, ಪಕ್ಕದಲ್ಲಿ ಅಮ್ಮ. ಮಗು ಹಿಂದಿನ ಸೀಟಿನಲ್ಲಿತ್ತು. ಅಲ್ಲೇ ಇರಬೇಕಾಗಿತ್ತು. ನಾನೇ ಹೇಳಿದೆ, "ಪುಟ್ಟಿನ ಮುಂದೆ ತೊಡೆ ಮೇಲೆ ಕೂರಿಸಿಕೊಳ್ಳಿ ಅಮ್ಮಾ, ಫೋಟೋ ಚೆನ್ನಾಗಿ ಬರುತ್ತೆ." ಹೇಳಿ, ಫೋನ್ ಹಿಡಿದು ರ‍್ಯಾಂಪಿನ ಕೆಳಗೆ, ಕಾರಿನ ಎದುರಿಗೇ ಹೋಗಿ ನಿಂತೆ.

"ಬ್ರೇಕ್ ಒತ್ಕೊಂಡು ಡಿಗೆ ಹಾಕಿ ಸರ್!" ಅಂತ ಅಲ್ಲಿಂದಲೇ ಕೂಗಿದೆ, ಡಿ ಅಂದರೆ ಮುಂದೆ ಹೋಗುವ ಗೇರು. ಹಾಕಿದರು. ಬ್ರೇಕ್ ಬಿಟ್ಟರು. ಕಾರು ಕದಲಲಿಲ್ಲ, ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ನಿಂಬೆಹಣ್ಣು ತಡೆಯುತ್ತಿದೆ ಅಂದುಕೊಂಡಿರಬೇಕು, ಆಕ್ಸಲರೇಟರ್ ಒತ್ತಿದರು. ಇಂಜಿನ್ ಸದ್ದು ಏರಿತು. "ಯಾಕೋ ಹೋಗ್ತಿಲ್ವಲ್ಲಪ್ಪ" ಅನ್ನೋದು ಕಿಟಕಿಯಿಂದ ಕೇಳಿಸಿತು. ಆಗ ನಾನು ಓಡಿಹೋಗಿ "ಕಾಲು ತೆಗೀರಿ ಸರ್" ಅನ್ನಬೇಕಿತ್ತು. ನಾನು ಕೂಗಿದ್ದು "ಹ್ಯಾಂಡ್‌ಬ್ರೇಕ್ ಸರ್, ಹ್ಯಾಂಡ್‌ಬ್ರೇಕ್!"

ಒತ್ತಿದ ಕಾಲು ಒತ್ತಿದಂತೆಯೇ ಇರುವಾಗ ಹ್ಯಾಂಡ್‌ಬ್ರೇಕ್ ಇಳಿಸಿದರು.

ಕಾರು ನಿಂಬೆಹಣ್ಣಿನ ಮೇಲೆ ಹಾರಿತು. ಎಡಗಾಲು ಕ್ಲಚ್ ಅಂತ ಬ್ರೇಕನ್ನು ತಳದವರೆಗೆ ತುಳಿಯಿತು. ಕಾರು ಗಕ್ಕನೆ ನಿಂತಿತು, ಮಗುವಿನ ಮುಖ ಡ್ಯಾಶ್‌ಬೋರ್ಡಿಗೆ ಬಡಿಯಿತು. ಅಮ್ಮ ಚೀರಿದರು. ಆ ಚೀರಾಟಕ್ಕೆ ಮೇಷ್ಟ್ರು ಬೆದರಿ ಎಡಗಾಲು ಕಿತ್ತುಕೊಂಡರು. ಬಲಗಾಲು ಇನ್ನೂ ಆಕ್ಸಲರೇಟರ್ ಮೇಲೇ ಇತ್ತು. ಎರಡನೇ ಸಲ ಕಾರು ನೇರ ನನ್ನ ಮೇಲೆ ಬಂತು. ನಾನು ಪಕ್ಕಕ್ಕೆ ಬಿದ್ದೆ. ರ‍್ಯಾಂಪ್ ಇಳಿದು ಸಿಮೆಂಟಿನ ಹೂಕುಂಡಕ್ಕೆ ಗುದ್ದಿ ನಿಂತಿತು.

ಸಿಸಿಟಿವಿಯಲ್ಲಿ ನೋಡಿದರೆ ಇಷ್ಟೂ ಏಳೇ ಸೆಕೆಂಡು.

ಎದ್ದು ಓಡಿದೆ. ಮೇಷ್ಟ್ರು ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು, ಈಗ ಎರಡೂ ಕಾಲನ್ನು ಬ್ರೇಕಿನ ಮೇಲೆ ಇಟ್ಟು, ಎದುರಿಗೇ ನೋಡುತ್ತಾ ಕೂತಿದ್ದರು. ಗೇರು ಇನ್ನೂ ಡಿನಲ್ಲಿತ್ತು. "ಕಾಲು ತೆಗೀಬೇಡಿ ಸರ್, ಹಾಗೇ ಇರಿ" ಅಂತ ಕಿಟಕಿಯೊಳಗೆ ಕೈ ತೂರಿಸಿ ಗೇರನ್ನು ನ್ಯೂಟ್ರಲ್ಲಿಗೆ ತಂದೆ, ಹ್ಯಾಂಡ್‌ಬ್ರೇಕ್ ಎಳೆದೆ, ಕೀಲಿ ತಿರುಗಿಸಿದೆ. ನನ್ನ ಕೈ ನಡುಗುತ್ತಿತ್ತು.

ಮಗುವಿನ ಮೇಲ್ದುಟಿ ಒಡೆದು ರಕ್ತ ಬರುತ್ತಿತ್ತು. ಒಡೆದದ್ದು ಗಣಪತಿಯ ಪೀಠದ ಅಂಚಿಗೆ. ಎರಡು ಇಂಚಿನ ಲೋಹದ ಗಣಪತಿ, ಶೋರೂಮಿನ ಕಾಂಪ್ಲಿಮೆಂಟರಿ. ಬೆಳಿಗ್ಗೆ ಏಳಕ್ಕೆ ಗಮ್ ಹಚ್ಚಿ ಅಂಟಿಸಿದ್ದವನು ನಾನೇ. ಅದರ ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಅಂತ ಅಚ್ಚೊತ್ತಿರುತ್ತದೆ, ಅರ್ಧ ಅಕ್ಷರ ಪೀಠದ ಕೆಳಗೆ ಮುಚ್ಚಿಹೋಗಿತ್ತು. ಅಷ್ಟು ನಿಧಾನದ ಪೆಟ್ಟಿಗೆ ಏರ್‌ಬ್ಯಾಗ್ ತೆರೆಯುವುದಿಲ್ಲ, ತೆರೆಯಲೂ ಇಲ್ಲ. ಅದು ತೆರೆದುಕೊಳ್ಳೋದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ದೊಡ್ಡವರು ಬೆಲ್ಟ್ ಹಾಕಿ ಹಿಂದೆ ಒರಗಿ ಕೂತಿದ್ದರೆ ಅದು ಪ್ರಾಣ ಉಳಿಸುವ ವಸ್ತು. ತೊಡೆಯ ಮೇಲಿನ ಮಗುವಿಗೆ ಅದೇ ಗಂಡಾಂತರ, ಮಧ್ಯೆ ಲೋಹದ ಮೂರ್ತಿ ಇದ್ದರಂತೂ ಕೇಳಲೇಬೇಡಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಿ ಆಗ ವರ್ಷವೂ ಆಗಿರಲಿಲ್ಲ. ಗಣಪತಿ ಅಂಟಿಸುವ ಜಾಗ ಮಾತ್ರ ನಾವು ಬದಲಾಯಿಸಿರಲಿಲ್ಲ.

ಆಸ್ಪತ್ರೆಯಲ್ಲಿ ತುಟಿಗೆ ಎರಡು ಹೊಲಿಗೆ ಹಾಕಿದರು. ಮೇಷ್ಟ್ರು ಹೊರಗೆ ಬೆಂಚಿನ ಮೇಲೆ ಕೂತು, "ನಂದೇ ತಪ್ಪು ಕಣಪ್ಪ, ವಯಸ್ಸಾಯ್ತು" ಅಂದರು. "ಇಲ್ಲ ಸರ್, ತಪ್ಪು ನಂದು, ಹೇಳಬೇಕಾದ್ದನ್ನ ನಾನು ಹೇಳಲಿಲ್ಲ" ಅನ್ನೋದು ಬಾಯಿವರೆಗೆ ಬಂತು. ಪಕ್ಕದಲ್ಲಿ ನಮ್ಮ ಸೇಲ್ಸ್ ಮ್ಯಾನೇಜರ್ ನಿಂತಿದ್ದರು. ಸುಮ್ಮನಾದೆ. ಸಂಜೆ ಮೀಟಿಂಗಿನಲ್ಲಿ ಆ ಮ್ಯಾನೇಜರೇ ಟ್ಯಾಬ್ ತೆರೆದು ಮೇಷ್ಟ್ರ ಸಹಿ ತೋರಿಸಿ, "ಎಲ್ಲ ಎಕ್ಸ್‌ಪ್ಲೈನ್ ಆಗಿದೆ, ಕಸ್ಟಮರ್ ಸೈನ್ ಮಾಡಿದ್ದಾರೆ, ನಮಗೇನೂ ತೊಂದರೆ ಇಲ್ಲ" ಅಂದರು. ಬಂಪರ್ ಕ್ಲೇಮಿಗೆ ಹೋಯಿತು. ಆ ಸಹಿ ಎಷ್ಟು ಸುಳ್ಳು ಅಂತ ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಬಾಡಿಶಾಪಿನಿಂದ ಕಾರು ಬಂದ ಮೇಲೆ ನಾನೇ ಓಡಿಸಿಕೊಂಡು ಹೋದೆ, ಭಾನುವಾರ, ರಜೆಯ ದಿನ. ಮನೆ ಬಾಗಿಲಲ್ಲಿ ನಿಂತು, ಆಸ್ಪತ್ರೆಯಲ್ಲಿ ನುಂಗಿದ್ದ ಆ ಮಾತನ್ನು ಮೊದಲು ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇವತ್ತು ಹೇಳಿಕೊಡು" ಅಂದರು. ಅವರೇ ಪಾಠ ಮಾಡಿದ್ದ ಶಾಲೆಯ ಮೈದಾನಕ್ಕೆ ಹೋದೆವು.

ಮೊದಲ ಅರ್ಧ ಗಂಟೆ ಆಕ್ಸಲರೇಟರ್ ಮುಟ್ಟಲು ಬಿಡಲಿಲ್ಲ. ಎಡಗಾಲಿನ ಹಿಮ್ಮಡಿಯನ್ನು ಸೀಟಿನ ಬುಡಕ್ಕೆ ಎಳೆದಿಟ್ಟುಕೊಳ್ಳೋಕೆ ಹೇಳಿದೆ. ಹಿಮ್ಮಡಿ ಹಿಂದೆ ಇದ್ದರೆ ಕಾಲು ಎದ್ದು ಪೆಡಲ್ ತುಳಿಯೋಕೆ ಆಗುವುದಿಲ್ಲ. ಡಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬ್ರೇಕಿನಿಂದ ಕಾಲು ನಿಧಾನ ಎತ್ತಿದರೆ ಕಾರು ತಾನೇ ತೆವಳುತ್ತದೆ. ಅದನ್ನೇ ಮೈದಾನದ ಸುತ್ತ ಹತ್ತು ಸುತ್ತು ಮಾಡಿಸಿದೆ. "ಇದು ಎತ್ತಿನ ಗಾಡಿ ಇದ್ದಂಗಿದೆ, ಹಗ್ಗ ಸಡ್ಲ ಬಿಟ್ರೆ ಸಾಕು, ಹೊರಡುತ್ತೆ" ಅಂತ ಅವರೇ ಹೇಳಿದರು. ನನ್ನ ಟ್ರೈನಿಂಗ್ ಪುಸ್ತಕದಲ್ಲಿ ಇಷ್ಟು ಚೆಂದವಾಗಿ ಬರೆದಿಲ್ಲ.

ಆಮೇಲೆ ಬ್ರೇಕ್. ಅವರ ಹಳೇ ಕಾರಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರಲಿಲ್ಲ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯೋದನ್ನು ಕಲಿತಿದ್ದರು, ಆ ಕಾಲಕ್ಕೆ ಅದೇ ಸರಿ. ಮೂವತ್ತರ ವೇಗದಲ್ಲಿ ಪೂರ್ತಿ ಒತ್ತಿ ಅಂದೆ. ಮಳೆ ಬಂದು ನೆಲ ಒದ್ದೆಯಿತ್ತು. ಪೆಡಲ್ ಕಾಲಡಿಯಲ್ಲಿ ಕಟಕಟ ಅಂತ ನಡುಗಿತು, ಮೇಷ್ಟ್ರು ತಟ್ಟನೆ ಕಾಲೆತ್ತಿಬಿಟ್ಟರು. "ಏನೋ ಮುರೀತು!"

"ಏನೂ ಮುರಿದಿಲ್ಲ ಸರ್. ನೀವು ಕಾಲಲ್ಲಿ ಮಾಡ್ತಿದ್ದನ್ನ ಅದು ಸೆಕೆಂಡಿಗೆ ಎಷ್ಟೋ ಸಲ ತಾನೇ ಮಾಡ್ತಿದೆ. ಚಕ್ರ ಲಾಕ್ ಆಗಲ್ಲ, ಸ್ಟೀರಿಂಗ್ ತಿರುಗಿಸಿದ ಕಡೆ ಕಾರು ಹೋಗುತ್ತೆ. ನಡುಗಿದಷ್ಟೂ ಇನ್ನೂ ಗಟ್ಟಿ ಒತ್ತಬೇಕು."

ನಾಲ್ಕನೇ ಸಲಕ್ಕೆ ಕಾಲು ಕದಲಲಿಲ್ಲ. ನಡುಗುವ ಬ್ರೇಕ್ ಒತ್ತಿಕೊಂಡೇ, ಗೋಲ್‌ಪೋಸ್ಟಿಗೆ ಸಿಗದಂತೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರು. 2019ರಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಇದೆ. ಒಂದೇ ಒಂದು ಸಲ ಅದನ್ನು ಕಾಲಿನಿಂದ ಮುಟ್ಟಿ ನೋಡದೆ ಹೆದ್ದಾರಿಗೆ ಹೋಗುವವರು ಎಷ್ಟು ಜನ ಅಂತ ಯೋಚಿಸಿದರೆ ಎದೆ ಝಲ್ ಅನ್ನುತ್ತದೆ. ಲಾರಿ ಅಡ್ಡ ಬಂದ ಕ್ಷಣದಲ್ಲಿ ಮೊದಲ ಬಾರಿಗೆ ಪೆಡಲ್ ನಡುಗಿದರೆ ಅವರ ಕಾಲೂ ಮೇಲೇಳುತ್ತದೆ.

ವಾಪಸ್ ಬರುವಾಗ ಏರಿನಲ್ಲಿ ಹಿಲ್ ಹೋಲ್ಡ್, ಅಂದರೆ ಕಾರು ಹಿಂದಕ್ಕೆ ಜಾರದಂತೆ ಹಿಡಿಯುವುದನ್ನು, ತೋರಿಸಿದೆ. ಬ್ರೇಕ್ ಬಿಟ್ಟ ಮೇಲೆ ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ, ಅಷ್ಟೇ. ಅದನ್ನೇ ನೆಚ್ಚಿಕೊಂಡು ಫೋನ್ ನೋಡುತ್ತಾ ಕೂರುವ ಹಾಗಿಲ್ಲ. ಮನೆ ಮುಂದೆ ನಿಲ್ಲಿಸುವಾಗ, ಈ ಗೇರಿನಲ್ಲಿ ಪಾರ್ಕಿಂಗಿನ ಪಿ ಇಲ್ಲ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯದೆ ಇಳಿಯಬೇಡಿ ಅಂದೆ. ಗಣಪತಿಯನ್ನು ಕಿತ್ತೆ. ಮೀಟರಿನ ಪಕ್ಕದ ಮೂಲೆಗೆ ಅಂಟಿಸುವಷ್ಟು ಚಿಕ್ಕದೊಂದನ್ನು ನಾನೇ ತಂದಿದ್ದೆ. ಅಮ್ಮ ಹಳೆಯದನ್ನು ದೇವರ ಮನೆಗೆ ಒಯ್ದರು.

ಶೋರೂಮಿನಲ್ಲಿ ಆಮೇಲೆ ನಾನು ಕೇಳಿಕೊಂಡದ್ದು ಎರಡೇ: ಆಟೊಮ್ಯಾಟಿಕ್ ಕಸ್ಟಮರ್‌ಗಳನ್ನು ಡೆಲಿವರಿಗೆ ಮುಂಚಿನ ದಿನವೇ ಕರೆಸಿ ಡೆಮೊ ಕಾರಿನಲ್ಲಿ ಅರ್ಧ ಗಂಟೆ ಓಡಿಸಲಿ, ಬೇ ಎದುರಿಗೆ ಯಾರೂ ನಿಲ್ಲದಂತೆ ಹಗ್ಗ ಕಟ್ಟಲಿ. ಹಗ್ಗ ಬಂತು. ಮುಂಚಿನ ದಿನದ್ದಕ್ಕೆ "ಪೆಟ್ರೋಲ್ ಯಾರು ಹಾಕ್ತಾರೆ, ಮಂತ್ ಎಂಡ್‌ನಲ್ಲಿ ಟೈಮ್ ಎಲ್ಲಿ" ಅಂದರು. ಕಾರಿನ ಸುರಕ್ಷತೆಗೆ ಸಿಕ್ಕ ಸ್ಟಾರ್ ರೇಟಿಂಗಿನ ಬೋರ್ಡು ಬಾಗಿಲಲ್ಲೇ ನಿಲ್ಲಿಸಿರುವ ಜಾಗ ಇದು. ಜನರೂ "ಎಷ್ಟು ಸ್ಟಾರ್?" ಅಂತಲೇ ಒಳಗೆ ಬರುತ್ತಾರೆ. ಅದೇ ಜನ ಬೆಲ್ಟ್ ಹಾಕದಿದ್ದರೂ ಅಲಾರಂ ಸದ್ದು ಮಾಡದಂತೆ ಸಿಕ್ಕಿಸುವ ಕ್ಲಿಪ್ ಇದೆಯಾ ಅಂತ ಆಕ್ಸೆಸರೀಸ್ ಕೌಂಟರಿನಲ್ಲಿ ಕೇಳುತ್ತಾರೆ. ಅಂಥ ಕ್ಲಿಪ್ ಮಾರುವುದನ್ನು ನಿಲ್ಲಿಸುವಂತೆ 2023ರ ಮೇನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಆನ್‌ಲೈನ್ ಅಂಗಡಿಗಳಿಗೆ ಆದೇಶ ಮಾಡಿದ ಮೇಲೂ ಕೇಳುವವರಿದ್ದಾರೆ. ನಾನಂತೂ ಕೈಮುಗಿದು ಬೇಡ ಅನ್ನುತ್ತೇನೆ.

ಮುಂಚಿನ ದಿನದ ಕ್ಲಾಸನ್ನು ಈಗ ನಾನೇ ಫೋನ್ ಮಾಡಿ ಕರೆದು ಮಾಡುತ್ತೇನೆ. ಎಲ್ಲರೂ ಬರುವುದಿಲ್ಲ, ಹತ್ತರಲ್ಲಿ ನಾಲ್ಕು ಜನ ಬರುತ್ತಾರೆ. ಬರದಿದ್ದವರಿಗೆ ಬ್ಲೂಟೂತ್ ಜೋಡಿಸುವುದನ್ನು ಕೊನೆಗೆ ಇಡುತ್ತೇನೆ. ಸಿಎಸ್‌ಐನಲ್ಲಿ ಒಂದು ಪಾಯಿಂಟ್ ಹೋದರೆ ಹೋಗಲಿ.

ಮೊನ್ನೆ ಹರಿಹರದ ಕಡೆಯ ರೈತರೊಬ್ಬರು ಕಾರು ತಗೊಂಡರು, ಮೊದಲ ಆಟೊಮ್ಯಾಟಿಕ್. ಮಕ್ಕಳು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿ. ನಾನು ಡ್ರೈವರ್ ಬಾಗಿಲಿಗೆ ಒತ್ತಿ ನಿಂತು ಅವರ ಕಾಲನ್ನೇ ನೋಡುತ್ತಿದ್ದೆ. ಎಡಗಾಲಿನ ಹಿಮ್ಮಡಿ ಹಿಂದೆ, ಹ್ಯಾಂಡ್‌ಬ್ರೇಕ್ ಕೆಳಗೆ, ಬಲಗಾಲು ಬ್ರೇಕಿನ ಮೇಲೆ. "ಎತ್ತಿ ಅಷ್ಟೇ ಸರ್, ಬೇರೇನೂ ಒತ್ತಬೇಡಿ" ಅಂದೆ. ಕಾಲು ಮೆಲ್ಲಗೆ ಎದ್ದಿತು. ಕಾರು ತಾನಾಗಿ ಮುಂದೆ ಸರಿಯಿತು, ನಾಲ್ಕೂ ನಿಂಬೆಹಣ್ಣು ಚಪ್ ಅಂತ ಒಡೆದವು.